ಹೊಳೆ ದಾಟಿದ ಕವರಿನ ಹಸು

ಪೆರಿಕಲ್ಲೂರಿನಲ್ಲಿ ಕಬಿನಿ ಹೊಳೆಯೇ ಗಡಿ. ಈಚೆ ದಡ ಕೇರಳ, ಆಚೆ ದಡದ ಬೈರಕುಪ್ಪೆ ಕರ್ನಾಟಕ. ನಡುವೆ ಓಡಾಡುವುದಕ್ಕೆ ತೋಣಿ. ತೋಣಿ ನಿಲ್ಲುವ ಕಡವಿನಿಂದ ಏರು ಹತ್ತಿದರೆ ಮೊದಲು ಸಿಗುವುದು ಪದ್ಮರಾಜ ಗೌಡರ ದಿನಸಿ ಅಂಗಡಿ. ಅದನ್ನು ದಾಟಿ ಗದ್ದೆಯ ಬದುವಿನ ಮೇಲೆ ನಡೆದರೆ ಅಚ್ಯುತನ್ ಮತ್ತು ಅವನ ಹೆಂಡತಿ ಕೌಸಲ್ಯಳ ಮನೆ. ಗಂಡ ಹೆಂಡಿರಿಬ್ಬರ ಹಿರಿಯರೂ ಎಂದೋ ಹುಣಸೂರಿನ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿ ನೆಲೆಸಿದವರು. ಮನೆಯೊಳಗೆ ಕನ್ನಡ, ಬಸ್ಸು ಹತ್ತಿದರೆ ಮಲಯಾಳ. ಮಕ್ಕಳಿಲ್ಲದ ಮನೆಯಾದರೂ ಅಲ್ಲಿ ಮಾತಿಗೆ ಬರವಿರಲಿಲ್ಲ. ಇಬ್ಬರೂ ಒಂದು ಕೆಲಸಕ್ಕೆ ಕೂತರೆ ಅದು ಹೇಗೆ ಆಗಬೇಕೆಂದು ಜಗಳವಾಡಿಕೊಂಡೇ ಮುಗಿಸುತ್ತಿದ್ದರು.

ವಯನಾಡನ್ನು ಜನ ಇನ್ನೂ ಹೊಸ ಜಿಲ್ಲೆ ಎಂದೇ ಕರೆಯುತ್ತಿದ್ದ ಕಾಲ ಅದು. ಜಿಲ್ಲೆಯಾದ ಮೇಲೆ ರಸ್ತೆಗೆ ಡಾಂಬರು ಬಂತು, ಪುಲ್ಪಳ್ಳಿಯಿಂದ ಬಸ್ಸುಗಳು ಹೆಚ್ಚಿದವು, ಬಸ್ಸಿನಲ್ಲಿ ಬಂದವರ ಕೈಯಲ್ಲಿ ಪ್ಲಾಸ್ಟಿಕ್ ಕವರು ಬಂತು. ಅದಕ್ಕೆ ಮುಂಚೆ ಉಪ್ಪು ಹಳೆಯ ಪತ್ರಿಕೆಯ ಪೊಟ್ಟಣದಲ್ಲಿ, ಬೆಲ್ಲ ತೇಗದ ಎಲೆಯಲ್ಲಿ ಮನೆಗೆ ಬರುತ್ತಿತ್ತು. ಮೊದಮೊದಲು ಕವರೆಂದರೆ ಎಲ್ಲರಿಗೂ ಅಕ್ಕರೆ. ತೊಳೆದು, ಬೇಲಿಯ ಮೇಲೆ ಒಣಹಾಕಿ, ಮಡಿಸಿ ಹಾಸಿಗೆಯ ಕೆಳಗೆ ಇಡುತ್ತಿದ್ದರು. ಆಮೇಲೆ ಅವು ಎಷ್ಟು ಬಂದವೆಂದರೆ ಮಡಿಸುವವರಿಗೇ ಬೇಸರವಾಯಿತು. ತರಕಾರಿ ಸಿಪ್ಪೆ, ಮಿಕ್ಕ ಅನ್ನ ತುಂಬಿ ಗಂಟು ಹಾಕಿ ಹಿತ್ತಲಿನಾಚೆ ಎಸೆಯುವುದು ರೂಢಿಯಾಯಿತು. ಗಂಟು ಬಿಚ್ಚಲು ದನಕ್ಕೆ ಕೈಯಿಲ್ಲವಲ್ಲ. ಅವು ಗಂಟಿನ ಸಮೇತ ನುಂಗಿದವು.

ಆ ವರ್ಷದ ಬೇಸಿಗೆಯಲ್ಲಿ ಕೌಸಲ್ಯಳ ಹಸು ಕೆಂಪಿ ಮೇವು ಬಿಟ್ಟಿತು. ಮೊದಲು ಹಿಂಡಿ ಮುಟ್ಟಲಿಲ್ಲ, ಆಮೇಲೆ ಹಸಿಹುಲ್ಲನ್ನೂ ಮೂಸಿ ಮುಖ ತಿರುಗಿಸಿತು. ಮೆಲುಕು ನಿಂತುಹೋಯಿತು. ಎಡಪಕ್ಕೆ ಡೋಲಿನಂತೆ ಉಬ್ಬಿತು. ಕೌಸಲ್ಯ ಶುಂಠಿ, ಓಮ ಅರೆದು ಕುಡಿಸಿದಳು. ಅಚ್ಯುತನ್ ಬಾಯಿ ಬಿಡಿಸಿ ಎಣ್ಣೆ ಹೊಯ್ದ. ಯಾವುದೂ ನಾಟಲಿಲ್ಲ. ಕೊನೆಗೆ ಅವನು ಬೆಳಗಿನ ಬಸ್ಸಿಗೆ ಪುಲ್ಪಳ್ಳಿಗೆ ಹೋಗಿ ದನದ ಡಾಕ್ಟರನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದ.

ಡಾಕ್ಟರು ಪಕ್ಕೆಯನ್ನು ಮುಷ್ಟಿಯಿಂದ ಒತ್ತಿ ನೋಡಿದರು. ಒತ್ತಿದ ಜಾಗ ಹಿಟ್ಟಿನ ಮುದ್ದೆಯಂತೆ ತಗ್ಗಾಗಿಯೇ ಉಳಿಯಿತು. ಹೊಟ್ಟೆ ಕೊಯ್ದು ನೋಡದೆ ಬೇರೆ ದಾರಿಯಿಲ್ಲ, ಮಾಡಬಹುದೇ ಎಂದು ಕೇಳಿದರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ಹಲಸಿನ ಮರಕ್ಕೆ ಕಟ್ಟಿ, ಮರಗಟ್ಟುವ ಸೂಜಿ ಹಾಕಿ, ಕೆಂಪಿ ನಿಂತಿದ್ದಂತೆಯೇ ಎಡಪಕ್ಕೆಯನ್ನು ಕೊಯ್ದರು. ಕೌಸಲ್ಯ ಸೆರಗಿನಿಂದ ಅದರ ಕಣ್ಣು ಮುಚ್ಚಿ ಕೊರಳು ನೀವುತ್ತ ನಿಂತಿದ್ದಳು. ತಾನೂ ಆ ಕಡೆ ನೋಡಲಿಲ್ಲ. ಗೋಣಿಯ ಮೇಲೆ ಏನೋ ಒದ್ದೆಯಾದದ್ದು ಧೊಪ್ಪೆಂದು ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮತ್ತೊಂದು. ಹಿಂದಿನಿಂದ ಅಚ್ಯುತನ್ 'ದೇವರೇ' ಎಂದು ನೆಲಕ್ಕೆ ಕೂತದ್ದು ಕೇಳಿಸಿತು. ಆಗ ತಿರುಗಿ ನೋಡಿದಳು. ಹೊಟ್ಟೆಯ ಆಕಾರವನ್ನೇ ತಾಳಿದ್ದ ದೊಡ್ಡ ಮುದ್ದೆ. ಅದರಲ್ಲಿ ಹುಲ್ಲಿಗಿಂತ ಕವರೇ ಹೆಚ್ಚು.

ಡಾಕ್ಟರು ಹೊಲಿಗೆ ಹಾಕಿ, ಔಷಧಿ ಕೊಟ್ಟು, ಆ ಮುದ್ದೆಯನ್ನು ದೂರ ಎಲ್ಲಾದರೂ ಹೂಳಿ ಎಂದು ಹೇಳಿ ಹೊರಟರು. ಹಸು ಉಳಿಯುತ್ತದೆ ಎಂಬ ಧೈರ್ಯವನ್ನೂ ಕೊಟ್ಟರು.

ಅಚ್ಯುತನ್ ಬಾಳೆಯ ಸಾಲಿನ ಆಚೆ ಗುಂಡಿ ತೋಡಿದ. ಆದರೆ ಕೌಸಲ್ಯಳಿಗೆ ಮನಸ್ಸು ಒಪ್ಪಲಿಲ್ಲ. ಹೂತದ್ದು ಮಣ್ಣಾಗುವುದಿಲ್ಲ, ಮಳೆ ಬಂದರೆ ಮೇಲೆದ್ದು ಬರುತ್ತದೆ, ಇನ್ನೊಬ್ಬರ ಹಸುವಿನ ಹೊಟ್ಟೆಗೆ ಹೋಗುತ್ತದೆ ಎಂದಳು. ಸುಡೋಣವೆಂದರೆ ಆ ಹೊಗೆ ಕೊಟ್ಟಿಗೆಗೇ ನುಗ್ಗುತ್ತದೆ. ಹಾಗಾದರೆ ಏನು ಮಾಡುತ್ತೀಯ ಎಂದು ಗಂಡ ಕೇಳಿದ. ಅವಳು ಹಳೆಯ ಬಾನಿಯಲ್ಲಿ ನೀರು ತುಂಬಿ ಮುದ್ದೆಯನ್ನು ನೆನೆಹಾಕಿದಳು. ಬಿಡಿಸಿಕೊಂಡು ಬಂದದ್ದನ್ನು ಒಂದೊಂದಾಗಿ ತೊಳೆದಳು. ಜವಳಿ ಅಂಗಡಿಯ ಕೆಂಪು ಕವರುಗಳು, ಗೊಬ್ಬರದ ಚೀಲದ ಒಳಪದರ, ಹಾಲಿನ ಪ್ಯಾಕೆಟ್ಟು, ನೈಲಾನ್ ಹಗ್ಗದ ತುಂಡು, ಶ್ಯಾಂಪೂ ಪೊಟ್ಟಣ. ಕೆಲವು ತನ್ನ ಅಡಿಗೆಮನೆಯಿಂದಲೇ ಹೋದವೆಂದು ಅವಳಿಗೆ ಕಂಡ ಕೂಡಲೇ ತಿಳಿಯಿತು. ಬಿಡಿಸಲಾಗದೆ ಗಟ್ಟಿಯಾಗಿ ಹೆಣೆದುಕೊಂಡಿದ್ದ ನಡುವಿನ ಗಂಟನ್ನು ಹಾಗೆಯೇ ಬಿಸಿಲಿಗೆ ಹಾಕಿದಳು.

ಕೆಂಪಿಯ ಹೊಲಿಗೆ ಮಾಯುವ ತನಕ ಕಾಗೆ ಕುಕ್ಕದಂತೆ, ನೊಣ ಕೂರದಂತೆ ಹಗಲೆಲ್ಲ ಕೊಟ್ಟಿಗೆಯ ಬಳಿ ಕಾಯಬೇಕಿತ್ತು. ಸುಮ್ಮನೆ ಕೂತು ಕೌಸಲ್ಯಳಿಗೆ ಅಭ್ಯಾಸವಿಲ್ಲ. ಬಿತ್ತನೆಯ ಬತ್ತವನ್ನು ಕಟ್ಟಿಡುವ ಮುಡಿಗೆ ಹುಲ್ಲಿನ ಹುರಿ ಹೊಸೆಯುವುದರಲ್ಲಿ ಅವಳದು ಪಳಗಿದ ಕೈ. ಅಂದು ಹುಲ್ಲು ಕೈಗೆಟುಕುವಲ್ಲಿ ಇರಲಿಲ್ಲ, ಒಣಗಿದ ಕವರು ಇದ್ದವು. ಒಂದನ್ನು ಉದ್ದಕ್ಕೆ ಸೀಳಿ ಮೊಣಕಾಲ ಮೇಲೆ ಹೊಸೆದಳು. ಹುಲ್ಲಿಗಿಂತ ನುಣುಪು, ಹುಲ್ಲಿಗಿಂತ ಗಟ್ಟಿ. ಕೆಂಪು, ಬಿಳಿ, ನೀಲಿ ಸೇರಿ ಹಾವಿನ ಮೈಯಂತೆ ಹುರಿ ಬೆಳೆಯುತ್ತ ಹೋಯಿತು. ಸಂಜೆ ಅಚ್ಯುತನ್ ಬಂದಾಗ ಹೆಂಡತಿಯ ಪಕ್ಕದಲ್ಲಿ ಸುರುಳಿ ಸುರುಳಿಯಾಗಿ ಹುರಿ ಬಿದ್ದಿತ್ತು. ಅವನು ಒಂದು ತುದಿ ಹಿಡಿದು ಜಗ್ಗಿ ನೋಡಿ, ಇದರಲ್ಲಿ ಕೋಣವನ್ನೂ ಕಟ್ಟಬಹುದು ಎಂದ.

ಕೆಂಪಿ ಮೇಯಲು ಹೊರಟ ಮೇಲೆ ಕೌಸಲ್ಯ ಒಂದು ದಿನ ಉಪ್ಪು ತರಲು ಗೌಡರ ಅಂಗಡಿಗೆ ಹೋದಳು. ಪದ್ಮರಾಜ ಗೌಡರು ಜೈನರು. ನೀರನ್ನೂ ಸೋಸಿ ಕುಡಿಯುವವರು, ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಅವರ ಅಂಗಡಿಯ ಹಿಂದೆ ಕಸದ ಗುಡ್ಡೆಯಲ್ಲಿ ಊರಿನ ದನಗಳು ಬಾಯಿ ಹಾಕುತ್ತಿದ್ದವು. ಅವಳು ಕೆಂಪಿಯ ಸಂಗತಿ ಹೇಳಿದಳು. ಗೌಡರು ಕೇಳಿ ನೊಂದುಕೊಂಡರು, ಆದರೆ ತಪ್ಪು ತಮ್ಮದೆಂದು ಒಪ್ಪಲಿಲ್ಲ.

"ನಾನೇನು ಬಲವಂತವಾಗಿ ಕೊಡ್ತೀನಾ ಕೌಸಲ್ಯ? ಎಲ್ರೂ ಕೈ ಬೀಸ್ಕೊಂಡು ಬರ್ತಾರೆ. ಕವರಿಲ್ಲ ಅಂದ್ರೆ ಮುಂದಿನ ಅಂಗಡಿಗೆ ಹೋಗ್ತಾರೆ," ಎಂದರು.

ಅವಳು ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ಹಿಂದಿರುಗಿದಳು. ದಾರಿಯಲ್ಲಿ ಸಿಕ್ಕಿದ ಇಬ್ಬರು ಮೂವರಿಗೆ ಅದೇ ಮಾತು ಹೇಳಿದಳು. ಅವರೂ ಅಯ್ಯೋ ಪಾಪ ಎಂದು, ಕೈಯಲ್ಲಿದ್ದ ಕವರನ್ನು ಆಡಿಸುತ್ತ ಮುಂದೆ ಹೋದರು. ಮನೆಗೆ ಬಂದವಳು ಗಂಡನ ಎದುರು ಕೂತಳು.

"ಹೇಳಿದ್ರೆ ಆಗಲ್ಲ ಇವ್ರಿಗೆ. ನಾವು ಕಂಡಂಗೆ ಅವ್ರೂ ಕಾಣ್ಬೇಕು. ನಂಗೊಂದು ಹಸ ಕಟ್ಕೊಡಿ, ಬಿದಿರಲ್ಲಿ. ನಮ್ಮ ಕೆಂಪಿ ಎಷ್ಟಿದ್ದಾಳೋ ಅಷ್ಟೇ ಇರ್ಬೇಕು."

ಅಚ್ಯುತನ್ ಬಿದಿರು ಸೀಳಿ ಕುಕ್ಕೆ, ಕೋಳಿಗೂಡು ಹೆಣೆಯುವುದರಲ್ಲಿ ಗಟ್ಟಿಗ. ಹಸು ಹೆಣೆದವನಲ್ಲ. ಯಾಕೆ ಎಂದು ಕೇಳಲಿಲ್ಲ; ಕಿವಿ ಎಲ್ಲಿಂದ ಶುರುವಾಗಬೇಕು ಎಂದು ಕೇಳಿದ. ಹಗ್ಗ ಹಿಡಿದು ಕೆಂಪಿಯ ಬೆನ್ನು, ಎದೆ, ಕಾಲು ಅಳೆದ. ಅವನು ಬಗ್ಗಿ ಮೊಣಕಾಲು ಅಳೆಯುತ್ತಿದ್ದಾಗ ಕೆಂಪಿ ಅವನ ಬೆನ್ನು ನೆಕ್ಕಿತು. ಅಂಗಳದಲ್ಲಿ ಬಿದಿರಿನ ಪಕ್ಕೆಲುಬುಗಳು ಎದ್ದು ನಿಂತವು. ಅದರ ಮೇಲೆ ಕೌಸಲ್ಯ ಹುರಿ ಸುತ್ತಿದಳು, ಮುಡಿಗೆ ಸುತ್ತುವಂತೆ, ಒಂದು ಸುತ್ತಿಗೆ ಇನ್ನೊಂದು ಸುತ್ತು ಒತ್ತಿ. ಮನೆಯ ಕವರು ಮುಗಿದ ಮೇಲೆ ಬೇಲಿಯಲ್ಲಿ, ತೋಡಿನಲ್ಲಿ, ಶುಂಠಿ ಹೊಲದಲ್ಲಿ ಸಿಕ್ಕಿದ್ದನ್ನೆಲ್ಲ ಆರಿಸಿ ತಂದಳು. ಬೆನ್ನಿಗೆ ಕೆಂಪು ಕವರು, ಹೊಟ್ಟೆಯ ಅಡಿಗೆ ಹಾಲಿನ ಪ್ಯಾಕೆಟ್ಟಿನ ಬಿಳಿ. ಬಾಲಕ್ಕೆ ಬಿಚ್ಚಿದ ನೈಲಾನ್ ಹಗ್ಗ. ಗೊರಸಿಗೆ ಸವೆದ ಹವಾಯಿ ಚಪ್ಪಲಿ. ಕೊಂಬಿನ ವಿಷಯದಲ್ಲಿ ಒಂದು ಹಗಲೆಲ್ಲ ಜಗಳವಾಯಿತು. ಅಚ್ಯುತನ್ ಚೂಪಾಗಿ ಮಾಡಿದ್ದ. ಅವಳು ಕೆಂಪಿಯದು ಒಳಕ್ಕೆ ಬಾಗಿದೆ ಎಂದು ಕಿತ್ತು ಹಾಕಿಸಿದಳು. ಕಣ್ಣಿಗೆ ಬಾಟಲಿಯ ಕಪ್ಪು ಮುಚ್ಚಳ ಕೂರಿಸಿದಾಗ ಇಬ್ಬರೂ ಸ್ವಲ್ಪ ಹಿಂದೆ ಸರಿದು ನಿಂತು ನೋಡಿದರು. ಹಸು ತಿರುಗಿ ಅವರನ್ನೇ ನೋಡುತ್ತಿರುವಂತಿತ್ತು.

ಎಡಪಕ್ಕೆಯನ್ನು ಮಾತ್ರ ಕೌಸಲ್ಯ ಮುಚ್ಚಲಿಲ್ಲ. ಡಾಕ್ಟರು ಕೊಯ್ದ ಜಾಗದಲ್ಲೇ ಅಂಗೈ ಅಗಲದ ಸೀಳನ್ನು ಹಾಗೆಯೇ ಬಿಟ್ಟಳು. ಒಳಗೆ, ಬಿಡಿಸಲಾಗದೆ ಉಳಿದಿದ್ದ ಆ ಗಂಟನ್ನು ಇಟ್ಟಳು.

ಕಡವಿನಲ್ಲಿ ತೋಣಿ ನಡೆಸುವ ಕೇತನ್ ಮತ್ತು ಅಚ್ಯುತನ್ ಸೇರಿ ಹಸುವನ್ನು ಹೊತ್ತು ತಂದು ಅಂಗಡಿಯ ಎದುರಿನ ಮಾವಿನ ಮರದಡಿ ನಿಲ್ಲಿಸಿದರು. ನಾಯಿಗಳು ಬೊಗಳಿದವು. ಜನ ನಕ್ಕರು. ಒಬ್ಬಳು ಬಾಲ ಎಳೆದು ನೋಡಿದಳು. ಆಮೇಲೆ ಪಕ್ಕೆಯ ಕಡೆ ಬಂದವರು ಬಗ್ಗಿ ಸೀಳಿನೊಳಗೆ ನೋಡಿದರು. ಇದೇನೆಂದು ಕೇಳಿದವರಿಗೆ ಹೇಳುವ ಕೆಲಸವನ್ನು ಕೇತನ್ ತಾನೇ ವಹಿಸಿಕೊಂಡ. ತೋಣಿ ಈಚೆಯಿಂದ ಆಚೆ ಮುಟ್ಟುವುದರೊಳಗೆ ಕೆಂಪಿಯ ಕತೆ ಮುಗಿಯುವಂತೆ ಹುಟ್ಟು ಹಾಕುತ್ತಿದ್ದ. ಬರಬರುತ್ತ ಕತೆ ಬೆಳೆಯಿತು. ಕೆಂಪಿಯ ಹೊಟ್ಟೆಯಿಂದ ಒಂದು ಇಡೀ ಕೊಡೆ ಬಂತೆಂದು ಅವನು ಹೇಳುತ್ತಿದ್ದುದನ್ನು ಕೌಸಲ್ಯ ತನ್ನ ಕಿವಿಯಾರ ಕೇಳಿ ತಿದ್ದಿದಳು. ಕೇತನ್ ಶರಿ ಎಂದು ಒಪ್ಪಿ, ಮುಂದಿನ ಸಲ ಕೊಡೆಯ ಬದಲು ಚಪ್ಪಲಿ ಎಂದ.

ಯಾರೂ ಹೇಳದೆಯೇ ಒಂದು ಪದ್ಧತಿ ಶುರುವಾಯಿತು. ತೋಣಿ ಕಾಯುವವರು ಕೈಯಲ್ಲಿದ್ದ ಖಾಲಿ ಕವರನ್ನು ಎಸೆಯುವ ಬದಲು ಹಸುವಿನ ಪಕ್ಕೆಯೊಳಗೆ ತುರುಕತೊಡಗಿದರು. 'ನೀನು ತಿನ್ನಮ್ಮ, ನಮ್ಮ ದನ ಬದುಕಲಿ' ಎಂದು ಒಬ್ಬ ಮುದುಕಿ ಹೇಳಿದ್ದು ಊರಲ್ಲೆಲ್ಲ ಓಡಾಡಿತು. ಹೊಟ್ಟೆ ತುಂಬಿದಾಗ ಕೌಸಲ್ಯ ಬಂದು ಕವರು ತೆಗೆದುಕೊಂಡು ಹೋಗಿ ಹುರಿ ಹೊಸೆಯುತ್ತಿದ್ದಳು.

ಪದ್ಮರಾಜ ಗೌಡರಿಗೆ ಮಾತ್ರ ಇದು ಹಿಡಿಸಲಿಲ್ಲ. ಕೆಲವು ದಿನ ಅವಳೊಡನೆ ಮಾತು ಕಡಿಮೆ ಮಾಡಿದರು. ಒಂದು ಮಧ್ಯಾಹ್ನ ಅವರ ಹೆಂಡತಿ ಕಮಲಾವತಿ ಮನೆಯಿಂದ ಇಳಿದು ಬಂದು ಹಸುವಿನ ಪಕ್ಕೆಯಲ್ಲಿ ಕೈಯಿಟ್ಟು, ಒಳಗಿದ್ದ ಗಂಟನ್ನು ಮುಟ್ಟಿ ನೋಡಿ, ಗಂಡನ ಕಡೆ ಒಮ್ಮೆ ನೋಡಿ ಮನೆಗೆ ಹೋದರಂತೆ. ಮಾರನೆಯ ಬೆಳಿಗ್ಗೆ ಗೌಡರು ಕೌಸಲ್ಯಳನ್ನು ಕರೆದರು.

"ನನ್ನ ಅಂಗಡಿ ಕಡೆಗೇ ಯಾಕೆ ತಿರುಗಿಸಿ ನಿಲ್ಸಿದೆ ಅದನ್ನ?"

"ಮುಖ ಹೊಳೆ ಕಡೆಗೇ ಅದೆ ಗೌಡ್ರೇ. ನಿಮ್ಮ ಕಡೆ ಇರೋದು ಪಕ್ಕೆ. ತೋಣಿಗೆ ಕಾಯೋರು ನಿಮ್ಮ ಜಗಲಿ ಮೇಲೆ ತಾನೆ ಕೂರೋದು? ಅವ್ರಿಗೆ ಕಾಣ್ಲಿ ಅಂತ."

"ಅವ್ರು ತೋಣಿ ಹತ್ತಿ ಹೋಗ್ತಾರೆ. ನಾನು ದಿನಾ ಇಲ್ಲೇ ಕೂತಿರ್ತೀನಲ್ಲ."

ಕೌಸಲ್ಯಳಿಗೆ ಮುಜುಗರವಾಯಿತು. ಬೇಕಾದರೆ ಬೇರೆ ಕಡೆ ತಿರುಗಿಸುತ್ತೇನೆ ಎಂದಳು. ಗೌಡರು ಹಸುವಿನ ಕಡೆ ನೋಡಿ, ಇರಲಿ ಬಿಡು ಎಂದರು. ಮುಂದಿನ ವಾರದಿಂದ ಅವರ ಅಂಗಡಿಯಲ್ಲಿ ಹಳೆಯ ಪತ್ರಿಕೆಯ ಕಟ್ಟು ಕಾಣಿಸಿಕೊಂಡಿತು. ಕವರು ಕೇಳಿದವರಿಗೆ ಗೌಡರು ಗದ್ದ ಎತ್ತಿ ಮಾವಿನ ಮರದ ಕಡೆ ತೋರಿಸುತ್ತಿದ್ದರು. ಕೆಲವರು ಗೊಣಗುತ್ತ ಹೋದರು. ಹೆಚ್ಚಿನವರು ಮಾರನೆಯ ದಿನ ಚೀಲ ಹಿಡಿದು ಬಂದರು.

ಕರ್ಕಟಕ ತಿಂಗಳ ಜಡಿಮಳೆ ಶುರುವಾದಾಗ ಅಚ್ಯುತನ್ ಹಸುವನ್ನು ಮರಕ್ಕೆ ಬಿಗಿಯಾಗಿ ಕಟ್ಟಿದ. ಹೊಳೆ ಆ ಮರದ ತನಕ ಏರಿ ಬಂದದ್ದನ್ನು ಅವನಾಗಲಿ ಗೌಡರಾಗಲಿ ಕಂಡಿರಲಿಲ್ಲ. ಆ ವರ್ಷ ಬಂತು. ಒಂದು ಬೆಳಿಗ್ಗೆ ಕೇತನ್ ತೊಯ್ದು ತೊಪ್ಪೆಯಾಗಿ ಅವರ ಅಂಗಳಕ್ಕೆ ಓಡಿ ಬಂದ.

"ಕೌಸಲ್ಯಕ್ಕ, ಹಸು ಹೋಯ್ತು," ಎಂದ.

ಅವಳು ಮೊದಲು ಕೊಟ್ಟಿಗೆಯತ್ತ ನೋಡಿದಳು. ಕೆಂಪಿ ಅಲ್ಲೇ ನಿಂತು ಮೆಲುಕು ಹಾಕುತ್ತಿತ್ತು. ಆಗ ಅರ್ಥವಾಯಿತು. ಮಾವಿನ ಮರದ ಬುಡದಲ್ಲಿ ಕೆಂಪು ನೀರು ಸುಳಿಯುತ್ತಿತ್ತು, ಕಟ್ಟಿದ್ದ ಹಗ್ಗವೇ ಹರಿದು ಹೋಗಿತ್ತು.

ಅಷ್ಟು ದಿನ ಕಷ್ಟಪಟ್ಟು ಮಾಡಿದ್ದು ಹೋಯಿತಲ್ಲ ಎಂದು ಗಂಡ ಸಮಾಧಾನ ಹೇಳಲು ಬಂದ. ಕೌಸಲ್ಯಳ ಸಂಕಟ ಅದಾಗಿರಲಿಲ್ಲ. "ಊರ ಕಸಾನೆಲ್ಲ ಒಂದು ಕಡೆ ಕೂಡಿಸಿ ನಾನೇ ಹೊಳೆಗೆ ಬಿಟ್ಟಂಗಾಯ್ತಲ್ಲ. ಆಚೆ ಎಷ್ಟು ದನ ನೀರು ಕುಡಿಯೋಕೆ ಬರ್ತವೆ," ಎಂದಳು. ಕೊಡೆ ತೆಗೆದುಕೊಂಡು ದಡದ ಗುಂಟ ಹೊರಟೇಬಿಟ್ಟಳು. ಅಚ್ಯುತನ್ ಹಿಂದೆಯೇ ನಡೆದ. ಕೆಸರಿನಲ್ಲಿ ಕಾಲು ಕಿತ್ತಿಡುತ್ತ, ಬಿದಿರಿನ ಮೆಳೆಗಳ ನಡುವೆ ಬಗ್ಗಿ ನೋಡುತ್ತ ಮರಕ್ಕಡವು ಎಂಬ ಊರಿನ ತನಕ ಬಂದರು. ಅಲ್ಲಿ ಹೊಳೆ ಬಾಗುತ್ತದೆ. ಆಚೆ ದಡದಲ್ಲಿ ಮಚ್ಚೂರಿನ ಗದ್ದೆಗಳು.

ಆಚೆ ದಡಕ್ಕೆ ಹತ್ತಿರವಾಗಿ, ನೀರಿನಲ್ಲಿ ಅರ್ಧ ಮುಳುಗಿದ್ದ ಬಿದಿರುಮೆಳೆಯಲ್ಲಿ ಹಸು ಸಿಕ್ಕಿಕೊಂಡಿತ್ತು. ತಲೆ, ಕೊಂಬು, ಕೆಂಪು ಬೆನ್ನು ಮಾತ್ರ ಮೇಲಿತ್ತು. ಅಲೆ ಬಂದಾಗ ಉಸಿರಿಗಾಗಿ ಒದ್ದಾಡುವಂತೆ ಮೂತಿ ಮೇಲೆತ್ತುತ್ತಿತ್ತು. ದಡದಲ್ಲಿ ಜನ ಕೂಡಿದ್ದರು. ಹಗ್ಗ ಹಿಡಿದು ಓಡಾಡುತ್ತಿದ್ದರು. ಒಬ್ಬ ಗಂಡಸು ಅಂಗಿ ಕಳಚಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನೀರಿಗೆ ಇಳಿಯುತ್ತಿದ್ದ.

ಕೌಸಲ್ಯ ಅದು ಹಸುವಲ್ಲ ಎಂದು ಗಂಟಲು ಹರಿಯುವಂತೆ ಕೂಗಿದಳು. ಹೊಳೆಯ ಮೊರೆತದಲ್ಲಿ ಅವಳ ಕೂಗು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಅಚ್ಯುತನ್ ಕೊಡೆಯನ್ನು ಕಸಿದುಕೊಂಡು ತಲೆಯ ಮೇಲೆ ಬೀಸಿದ. ಆಚೆಯವರು ಕಂಡರು. ಕಂಡು, ಅವರೂ ಟವೆಲು ಬೀಸಿದರು. ನೀರಿಗಿಳಿದವನು ಇನ್ನೂ ಹುರುಪಿನಿಂದ ಮುಂದೆ ಹೋದ.

ಒಂದು ಸಲ ಅವನ ತಲೆ ನೀರಿನಲ್ಲಿ ಕಾಣದಾಯಿತು. ಕೌಸಲ್ಯ ಗಂಡನ ತೋಳನ್ನು ಉಗುರು ನಾಟುವಂತೆ ಹಿಡಿದಳು. ತಲೆ ಮತ್ತೆ ಮೇಲೆ ಬಂತು. ಅವನು ಹಸುವಿನ ಕೊರಳನ್ನು ತಬ್ಬಿದ. ದಡದವರು ಹಗ್ಗ ಎಳೆದರು. ಮನುಷ್ಯ, ಹಸು ಎರಡೂ ದಡ ಸೇರಿದವು. ಜನ ಸುತ್ತುಗಟ್ಟಿದರು. ಆಮೇಲೆ ಆ ಗುಂಪು ಅಲುಗಾಡದೆ ನಿಂತುಬಿಟ್ಟಿತು. ಕೊನೆಗೆ, ನೀರಿನಿಂದ ಬಂದ ಆ ಗಂಡಸು ಬಗ್ಗಿ, ಹಸುವನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದು ಈಚೆ ದಡದತ್ತ ತೋರಿಸಿದ.

ಕೌಸಲ್ಯ ಕೆಸರಿನಲ್ಲೇ ಕೂತಳು. ಅಚ್ಯುತನಿಗೆ ಮೊದಲು ನಗು ಬಂತು. ಅವನ ನಗು ಕಂಡು ಅವಳಿಗೆ ಅಳು ಬಂತು, ಅಳುತ್ತಿದ್ದಂತೆಯೇ ಅವಳೂ ನಕ್ಕಳು.

ನೀರು ಇಳಿಯುವ ತನಕ ಕೇತನ್ ತೋಣಿ ಬಿಡಲಿಲ್ಲ. ಬಿಟ್ಟ ದಿನ ಗಂಡ ಹೆಂಡತಿ ಒಂದು ನೇಂದ್ರ ಬಾಳೆಯ ಗೊನೆ ಇಟ್ಟುಕೊಂಡು ಹೊಳೆ ದಾಟಿ ಮಚ್ಚೂರಿಗೆ ಹೋದರು. ನೀರಿಗಿಳಿದ ಆ ಗಂಡಸಿನ ಹೆಸರು ಜವರಪ್ಪ. ಹೆಸರು ಹಿಡಿದು ಕೇಳುವ ಅಗತ್ಯವೇ ಬೀಳಲಿಲ್ಲ; ಹಸುವನ್ನು ಕಾಪಾಡಿದವನ ಮನೆ ಎಂದರೆ ಎಲ್ಲರೂ ನಗುತ್ತ ಕೈ ತೋರಿಸಿದರು. ಮನೆಯ ಚಪ್ಪರದಲ್ಲಿ ಹಸು ನಿಂತಿತ್ತು. ಒಂದು ಕಿವಿ ಹೋಗಿತ್ತು. ಹಣೆಗೆ ಯಾರೋ ಕುಂಕುಮ ಇಟ್ಟಿದ್ದರು. ಕೌಸಲ್ಯ ಯಾರನ್ನೂ ಮಾತಾಡಿಸುವ ಮೊದಲು ಅದರ ಪಕ್ಕೆಯೊಳಗೆ ಕೈಹಾಕಿದಳು. ಬಿದಿರಿನ ಹೆಣಿಗೆ ಗಟ್ಟಿಯಾಗಿದ್ದುದರಿಂದ ಒಳಗಿದ್ದದ್ದು ಬಹುಪಾಲು ಅಲ್ಲೇ ಇತ್ತು.

ಜಗಲಿಯ ಮೇಲೆ ಜವರಪ್ಪನ ತಾಯಿ ನೀಲಿ ಎಂಬಾಕೆ ರಾಗಿ ಕೇರುತ್ತ ಕೂತಿದ್ದಳು. ಮೊರ ನಿಲ್ಲಿಸದೆ ಕೇಳಿದಳು.

"ನೀನೇನಾ ಅದನ್ನ ಮಾಡ್ದೋಳು?"

"ಹೂಂ ಕಣವ್ವ."

"ನನ್ ಮಗ ಸಾಯ್ತಿದ್ದ, ಗೊತ್ತಾ?"

"ಗೊತ್ತು. ಆಚೆ ನಿಂತು ಕೂಗ್ದೆ ಕಣವ್ವ. ಕೇಳಿಸ್ಲಿಲ್ಲ. ನಾವು ಕಟ್ಟಿ ಹಾಕಿದ್ದು ಸಾಲ್ದೇ ಹೋಯ್ತು. ತಪ್ಪಾಯ್ತು."

ಒಳಗಿಂದ ಬಂದ ಜವರಪ್ಪ ಬಾಳೆಗೊನೆಯನ್ನು ಇಳಿಸಿಕೊಳ್ಳುತ್ತ ನಕ್ಕ. "ಅಲ್ಲಕ್ಕ, ಈ ಅಣ್ಣ ಕೊಡೆ ಬೀಸ್ತಿದ್ರಲ್ಲ, ಬಿಡ್ಬ್ಯಾಡ ಹಿಡ್ಕೊ ಅಂತಾವ್ರೆ ಅನ್ಕೊಂಡೆ. ತಬ್ಬಿದ್ಮೇಲೆ ಗೊತ್ತಾಯ್ತು, ಮೈ ತಣ್ಣಗದೆ. ಸತ್ತೋಯ್ತಲ್ಲ ಅಂತ ಅಲ್ಲೇ ಅಳು ಬಂದ್ಬುಡ್ತು."

ನೀಲಿಗೆ ನಗು ಬರಲಿಲ್ಲ. ಆ ಪಕ್ಕೆ ಯಾಕೆ ಹಾಗೆ ಬಾಯಿ ಬಿಟ್ಟಿದೆ, ನೀರಿನಲ್ಲಿ ಹರಿಯಿತೋ ನೀನೇ ಬಿಟ್ಟದ್ದೋ ಎಂದು ಕೇಳಿದಳು. ಕೌಸಲ್ಯ ಜಗಲಿಯ ಅಂಚಿನಲ್ಲಿ ಕೂತು ಕೆಂಪಿಯ ವಿಷಯವನ್ನು ಮೊದಲಿನಿಂದ ಹೇಳಿದಳು. ಮೇವು ಬಿಟ್ಟದ್ದು, ಪಕ್ಕೆ ಉಬ್ಬಿದ್ದು, ಒತ್ತಿದ ಜಾಗ ತಗ್ಗಾಗಿಯೇ ಉಳಿದದ್ದು, ಡಾಕ್ಟರು ತೋಳಿನ ತನಕ ಕೈ ಹಾಕಿ ತೆಗೆದದ್ದು. ಹೇಳುತ್ತ ಹೇಳುತ್ತ ಮೊರದ ಸದ್ದು ನಿಂತುಹೋಗಿದ್ದು ಅವಳ ಗಮನಕ್ಕೆ ಬಂತು.

"ಎಡಪಕ್ಕೆನೇ?" ಎಂದಳು ನೀಲಿ.

"ಎಡಪಕ್ಕೆನೇ."

ನೀಲಿ ಮೊರವನ್ನು ಪಕ್ಕಕ್ಕಿಟ್ಟು ಎದ್ದು ಹಸುವಿನ ಬಳಿ ಹೋದಳು. ಪಕ್ಕೆಯೊಳಗಿದ್ದ ಆ ಹಳೆಯ ಗಂಟನ್ನು ಎರಡು ಬೆರಳಿನಿಂದ ಹಿಡಿದು ನೋಡಿದಳು. ಹಿಂದಿನ ವರ್ಷ ಅವರ ಮನೆಯ ಹಸುವೂ ಹೀಗೆಯೇ ಉಬ್ಬಿ ಸತ್ತಿತ್ತು ಎಂದು ಜವರಪ್ಪ ತಗ್ಗಿದ ದನಿಯಲ್ಲಿ ಹೇಳಿದ. ತಾಯಿತ ಕಟ್ಟಿಸಿದ್ದರು, ಹರಕೆ ಹೊತ್ತಿದ್ದರು. ಹಾಲು ಕರೆಯುವ ಹೊತ್ತಿಗೆ ಬಂದು ನಿಂತಿದ್ದ ಪಕ್ಕದ ಮನೆಯ ಚೀರುವಿನ ಕಣ್ಣು ತಾಗಿತೆಂದು ನೀಲಿ ಅಂದುಕೊಂಡಿದ್ದಳು. ಅಂದಿನಿಂದ ಎರಡು ಮನೆಗೂ ಮಾತಿರಲಿಲ್ಲ. ಒಂದೇ ಓಣಿಯಲ್ಲಿ ಬೆಳೆದು ಒಂದೇ ವರ್ಷ ಮದುವೆಯಾದ ಗೆಳತಿಯರು, ನೀರಿಗೆ ಹೋಗುವ ಹೊತ್ತನ್ನೂ ಬದಲಾಯಿಸಿಕೊಂಡಿದ್ದರು.

ನೀಲಿ ಯಾರ ಕಡೆಯೂ ನೋಡದೆ ಅಂಗಳಕ್ಕೆ ಇಳಿದಳು. ಬೇಲಿಯ ಬಳಿಗೆ ಹೋಗಿ ಕರೆದಳು.

"ಚೀರು. ಏ ಚೀರು. ಇಲ್ಲಿ ಬಾ ಒಸಿ."

ಆಚೆ ಮನೆಯೊಳಗಿಂದ ಚೀರು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಬೇಲಿಯ ತನಕ ಬಂದು ನಿಂತಳು.

"ಬಾ ಒಳಕ್ಕೆ. ನಮ್ ಹಸ ಯಾಕೆ ಸತ್ತೋಯ್ತು ಅಂತ ಈಯಮ್ಮ ಹೇಳ್ತಾಳೆ, ಕೇಳು ಬಾ," ಎಂದಳು ನೀಲಿ.

ಕೌಸಲ್ಯ ಕೆಂಪಿಯ ಕತೆಯನ್ನು ಎರಡನೆಯ ಸಲ ಹೇಳಬೇಕಾಯಿತು. ಚೀರು ಪೂರ್ತಿ ಕೇಳಿದಳು. ಕೇಳಿ ನೀಲಿಯ ಕಡೆ ತಿರುಗಿ, "ಒಂದು ವರ್ಷ ನನ್ನ ಮೂತಿ ನೋಡ್ದೆ ಇದ್ದೆಯಲ್ಲೇ," ಎಂದಳು. ನೀಲಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಚೀರು ಅವಳ ಪಕ್ಕದಲ್ಲೇ ಕೂತಳು. ಬಾಳೆಯ ಹಣ್ಣನ್ನು ಮೊದಲು ಬಿಡಿಸಿದವಳೂ ಅವಳೇ. ಅಚ್ಯುತನಿಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಹಸುವಿನ ಹೋದ ಕಿವಿಯ ಜಾಗವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ.

ಹಸುವನ್ನು ಹಿಂದಕ್ಕೆ ಒಯ್ಯುವ ಮಾತು ಬಂದಾಗ ನೀಲಿ ಖಡಾಖಂಡಿತವಾಗಿ ಆಗುವುದಿಲ್ಲ ಎಂದಳು. ಮಗ ಪ್ರಾಣ ಒತ್ತೆಯಿಟ್ಟು ತಂದದ್ದು, ಅದು ಇಲ್ಲೇ ಇರಬೇಕು, ಈ ಕಡೆಯ ಜನವೂ ನೋಡಬೇಕು. ಕೌಸಲ್ಯ ಒಪ್ಪಿದಳು, ಆದರೆ ಒಂದು ಷರತ್ತಿನ ಮೇಲೆ: ಹೊಳೆಯ ಹತ್ತಿರ ಸುಳಿಯಕೂಡದು, ಮಳೆಗಾಲದಲ್ಲಿ ಮನೆಯೊಳಗೆ ಕಟ್ಟಬೇಕು. ಜವರಪ್ಪ ಒಪ್ಪಿ, ಮಿಕ್ಕ ಕಾಲದಲ್ಲಿ ಬಸ್ಸು ನಿಲ್ಲುವ ದಿಬ್ಬದ ಮೇಲೆ, ಕಬ್ಬಿಣದ ಕಂಬಕ್ಕೆ ಬಿಗಿಯುತ್ತೇನೆಂದು ಮಾತು ಕೊಟ್ಟ. ಹೊರಡುವ ಮೊದಲು ಕೌಸಲ್ಯ ಅಲ್ಲಿಯೇ ಬಿದ್ದಿದ್ದ ಕವರುಗಳನ್ನು ಹೊಸೆದು ಹೊಸ ಕಿವಿ ಕಟ್ಟಿಕೊಟ್ಟಳು. ಚೀರು ಅವಳ ಕೈಯನ್ನೇ ನೋಡುತ್ತ ಕೂತಿದ್ದು, ತಾನೂ ಒಂದು ಕವರು ಸೀಳಿ ಹೊಸೆಯಲು ಹೊರಟಳು. ಹುರಿ ಬಿಚ್ಚಿಕೊಂಡಿತು. ಮತ್ತೆ ಹೊಸೆದಳು.

ಈಚೆ ದಡದಲ್ಲಿ ಪದ್ಮರಾಜ ಗೌಡರು ಜಗಲಿಯ ಮೇಲೆ ಕಾಯುತ್ತಿದ್ದರು. ತೋಣಿಯಲ್ಲಿ ಹಸು ಕಾಣದೆ ಏನಾಯಿತೆಂದು ಕೇಳಿದರು. ಕೌಸಲ್ಯ ನಡೆದದ್ದನ್ನು ಹೇಳಿದಳು. ಚೀರುವನ್ನು ಬೇಲಿಯಿಂದ ಕರೆದ ಮಾತು ಬಂದಾಗ ಗೌಡರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

"ಒಳ್ಳೇದಾಯ್ತು. ಆದ್ರೆ ನಮ್ಮ ಕಡವಿಗೆ?" ಎಂದರು. "ಕೂತು ಕೂತು ಅದನ್ನ ನೋಡೋದು ರೂಢಿ ಆಗಿತ್ತು ಕಣಮ್ಮ. ಈಗ ಎದುರಿಗೆ ಬರೇ ಮಾವಿನ ಮರ."

ಕಮಲಾವತಿ ಆಗಲೇ ಒಳಗಿನಿಂದ ಒಂದು ಗೋಣಿಚೀಲವನ್ನು ಎಳೆದು ತಂದರು. ನೆರೆ ಇಳಿದ ಮೇಲೆ ಬೇಲಿಗಳಲ್ಲಿ ಸಿಕ್ಕಿಕೊಂಡಿದ್ದ ಕವರುಗಳನ್ನೆಲ್ಲ ಆರಿಸಿ, ತೊಳೆದು, ಒಣಗಿಸಿ ತುಂಬಿಟ್ಟಿದ್ದರು. ಈ ಸಲ ಅಂಗಡಿಯ ಸೂರಿನಡಿಯೇ ನಿಲ್ಲಿಸಬೇಕು, ಹೊಳೆ ಎಷ್ಟು ಬಂದರೂ ಅಲ್ಲಿಗೆ ಬಾರದು ಎಂದರು ಗೌಡರು.

ಕರ್ಕಟಕ ಕಳೆದು ಚಿಂಗಂ ತಿಂಗಳ ಬಿಸಿಲು ಹೊರಟಾಗ ನೀಲಿ ಮತ್ತು ಚೀರು ಒಟ್ಟಿಗೆ ತೋಣಿ ಹತ್ತಿ ಬಂದರು. ಇಬ್ಬರ ತಲೆಯ ಮೇಲೂ ಮಚ್ಚೂರಿನ ಕವರುಗಳ ಗಂಟು. ಕೌಸಲ್ಯಳ ಜಗಲಿಯಲ್ಲಿ ಮೂವರೂ ಕಾಲು ಚಾಚಿ ಕೂತು ಹುರಿ ಹೊಸೆದರು. ಎರಡು ದಡದ ಮದುವೆ, ಬಾಣಂತನ, ಯಾರ ಗದ್ದೆಗೆ ಹಂದಿ ನುಗ್ಗಿತು, ಎಲ್ಲವೂ ಮಾತಿಗೆ ಬಂತು. ಚೀರುವಿನ ಹುರಿ ಈಗ ಬಿಚ್ಚಿಕೊಳ್ಳುತ್ತಿರಲಿಲ್ಲ. ಗೌಡರಿಗೆ ಹಸುವೇ ಆಗಬೇಕೆಂದು ಕೌಸಲ್ಯ ಹೇಳಿದ್ದಕ್ಕೆ ನೀಲಿ ಅಡ್ಡ ಹಾಕಿದಳು. ತಮ್ಮ ಕಡೆ ಕಾಡಿನಿಂದ ಆನೆ ಬಂದು ಗುಡಿಯ ಹಿಂದಿನ ಕಸಕ್ಕೆ ಸೊಂಡಿಲು ಹಾಕುವುದನ್ನು ತಾನು ಕಣ್ಣಾರೆ ಕಂಡಿದ್ದೇನೆ, ಮಾಡಿದರೆ ಆನೆ ಮಾಡೋಣ ಎಂದಳು. ಗೌಡರನ್ನು ಕೇಳಿದಾಗ ಅವರು ಸೂರಿನ ಎತ್ತರವನ್ನು ಒಮ್ಮೆ ನೋಡಿ, ಮರಿಯಾನೆಯಾದರೆ ಆದೀತು ಎಂದರು.

ಅಚ್ಯುತನ್ ಆನೆಗೆ ಬೇಕಾಗುವ ಬಿದಿರನ್ನು ಲೆಕ್ಕ ಹಾಕಿ, ಇಡೀ ಮೆಳೆಯೇ ಬೋಳಾಗುತ್ತದೆ ಎಂದು ಗೊಣಗಿದ. ಆದರೂ ಕತ್ತಿ ಮಸೆಯಲು ಕೂತ. ಕೌಸಲ್ಯ ಅನ್ನಕ್ಕೆ ನೀರಿಟ್ಟು ಹೊರಗೆ ಬರುವಷ್ಟರಲ್ಲಿ ಜಗಲಿಯಲ್ಲಿ ವಾದ ಏರಿತ್ತು. ಆನೆಯ ಕಿವಿ ಬಾಳೆ ಎಲೆಯಷ್ಟಿರಬೇಕೆಂದು ನೀಲಿ, ಅಷ್ಟಾದರೆ ಅದು ಮರಿಯಾನೆ ಹೇಗಾಗುತ್ತದೆಂದು ಚೀರು. ಕೌಸಲ್ಯ ಇಬ್ಬರ ನಡುವೆ ಕೂತು, ಸೊಂಡಿಲಿಗೆ ಯಾವ ಬಣ್ಣದ ಕವರು ಬೇಕೆಂದು ಕೇಳುತ್ತ ಗಂಟು ಬಿಚ್ಚತೊಡಗಿದಳು.